ಸ್ವಂತ ಮನೆಯಿಲ್ಲದವರ ಓಣಿ

ಬಂಡೆಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಬೆಟ್ಟಗಳ ಬೊಗಸೆಯೊಳಗೆ ಒಂದು ಊರಿತ್ತಂತೆ. ಆ ಊರಿನ ಓಣಿಗಳು ಎಷ್ಟು ಕಿರಿದೆಂದರೆ ಎದುರು ಮನೆಯವರು ಕಿಟಕಿಯಿಂದ ಕಿಟಕಿಗೆ ಕೈಚಾಚಿ ಉಪ್ಪು ಕೊಟ್ಟುಕೊಳ್ಳುತ್ತಿದ್ದರಂತೆ. ಒಂದು ಮನೆ ಕುಂಬಳಕಾಯಿಯ ಬಣ್ಣ, ಒಂದು ನೇರಳೆ ಹಣ್ಣಿನ ಬಣ್ಣ, ಒಂದು ಗಿಳಿಯ ಬೆನ್ನಿನ ಬಣ್ಣ. ಆದರೆ ಊರಿನಲ್ಲಿ ಒಬ್ಬರಿಗೂ ಸ್ವಂತ ಮನೆ ಅನ್ನುವುದು ಇರಲಿಲ್ಲವಂತೆ. ಯಾರನ್ನಾದರೂ ನಿಲ್ಲಿಸಿ, ನಿಮ್ಮ ಮನೆ ಎಲ್ಲಿ ಅಂತ ಕೇಳಿದರೆ, “ಅಗೋ, ಆ ಹಸಿರು ಬಾಗಿಲಿನದು. ಅದು ನಿಮ್ಮ ಮನೆ” ಅನ್ನುತ್ತಿದ್ದರಂತೆ. ಕೇಳಿದವನೂ ಬೆಚ್ಚದೆ, “ಹೌದಾ, ಸಂತೋಷ. ನಿಮ್ಮ ಮನೆ ಕೆಳಗೆ ಕಾರಂಜಿಯ ಹತ್ತಿರ ಇದೆ” ಅಂತ ತಿರುಗಿ ಹೇಳಿ ತನ್ನ ದಾರಿ ಹಿಡಿಯುತ್ತಿದ್ದನಂತೆ. ಇಂಥ ಊರಿಗೆ ಮಂಜಿನ ದ್ವೀಪದಿಂದ ಒಬ್ಬ ಹುಡುಗಿ ಬಂದಳಂತೆ. ಕೋಟಿನ ಜೇಬಿನಲ್ಲಿ ಒಣಗಿದ ಬ್ರೆಡ್ಡಿನ ತುಂಡು, ತಲೆಯಲ್ಲಿ ಅಜ್ಜಿಗೆ ಕೊಟ್ಟ ಮಾತು.

ಅಜ್ಜಿ ಈ ಕಥೆ ಹೇಳಿದ್ದರೆ ಹೀಗೇ ಶುರು ಮಾಡುತ್ತಿದ್ದಳು. ಇನ್ನು ಮುಂದೆ ‘ಅಂತೆ’ಗಳನ್ನೆಲ್ಲ ಬಿಡಿಸಿ ಪಕ್ಕಕ್ಕಿಡುತ್ತೇನೆ, ಯಾಕೆಂದರೆ ಊರು ನಿಜವಾದದ್ದು. ಮೆಕ್ಸಿಕೊದ ನಡುಭಾಗದ ಗ್ವಾನಾಹ್ವಾತೊ. ಹುಡುಗಿಯೂ ನಿಜ, ನಾನೇ. ನನ್ನ ಹೆಸರು ಟ್ಯಾಮ್ಸಿನ್. ಇಲ್ಲಿಯವರ ನಾಲಿಗೆಯಲ್ಲಿ ಅದು ಹೊರಳಲಾರದೆ ಮೊದಲು ತೊಮಾಸಿನಾ ಆಯಿತು, ಆಮೇಲೆ ಮುದ್ದಿಗೆ ತೊಮಾಸಿತಾ ಆಯಿತು. ಸಂಜೆ ಹೊತ್ತು ಒಂದು ಸಣ್ಣ ಶಾಲೆಯಲ್ಲಿ ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಉಳಿದ ಹೊತ್ತೆಲ್ಲ ಈ ಓಣಿ ನನಗೆ ಪಾಠ ಹೇಳುತ್ತದೆ.

ಬ್ರೆಡ್ಡಿನ ವಿಷಯ ಮೊದಲು ಹೇಳಿಬಿಡಬೇಕು. ನಮ್ಮ ಮಂಜಿನ ದ್ವೀಪ ನ್ಯೂಫೌಂಡ್‌ಲ್ಯಾಂಡಿನಲ್ಲಿ ಹಣ್ಣು ಕೀಳಲು ಬಯಲಿಗೆ ಹೋಗುವ ಮಕ್ಕಳ ಜೇಬಿಗೆ ಅಜ್ಜಿಯರು ಒಂದು ತುಂಡು ಬ್ರೆಡ್ ತುರುಕಿ ಕಳಿಸುತ್ತಿದ್ದರು. ಮಂಜಿನಲ್ಲಿ ಅಡ್ಡಬರುವ ಪುಟ್ಟ ಜನ, ಅಂದರೆ ಕಣ್ಣಿಗೆ ಕಾಣದ ಕಿಡಿಗೇಡಿಗಳು, ದಾರಿ ತಪ್ಪಿಸಿ ಕರೆದೊಯ್ಯುತ್ತಾರೆ. ಬ್ರೆಡ್ ಇದ್ದವರ ತಂಟೆಗೆ ಮಾತ್ರ ಬರುವುದಿಲ್ಲ. ನನ್ನ ಅಜ್ಜಿ ಈಗಲೂ ಇದನ್ನು ನಂಬುತ್ತಾಳೆ, ಇಲ್ಲವೇ ನಂಬಿದ ಹಾಗೆ ಆಡುತ್ತಾಳೆ. ಅವಳ ವಿಷಯದಲ್ಲಿ ಈ ಎರಡನ್ನೂ ಬೇರೆ ಮಾಡುವುದು ನನಗೆ ಇವತ್ತಿಗೂ ಆಗಿಲ್ಲ. ವಿಮಾನ ನಿಲ್ದಾಣದಲ್ಲಿ ನನ್ನ ಕೋಟಿನ ಜೇಬಿಗೆ ತುಂಡು ಇಟ್ಟು, ಮೇಲಿಂದ ತಟ್ಟಿದಳು.

“ಇದು ದಾರಿಗೆ, ಬಾತುಮರಿ,” ಅಂದಳು. ನಮ್ಮ ಕಡೆ ಮುದ್ದಿನವರನ್ನೆಲ್ಲ ಕರೆಯುವುದು ಹೀಗೇ. “ಆದ್ರೆ ಅಲ್ಲೇ ಇರ್ಬೇಕು ಅಂದ್ರೆ ಇದೊಂದು ಸಾಲಲ್ಲ. ಅಲ್ಲಿನ ಒಲೇಲಿ ನನ್ನ ಕಾಕಂಬಿ ಬ್ರೆಡ್ ಬೇಯಿಸ್ಬೇಕು. ಮೊದಲನೇದನ್ನ ನೀನು ಕತ್ತರಿಸ್ಬಾರ್ದು. ಆ ಊರಿನವರ ಕೈಯೇ ಕತ್ತರಿಸ್ಬೇಕು. ಅಲ್ಲೀತನಕ ನೀನು ಅಲ್ಲಿ ದಾರಿ ತಪ್ಪಿ ಬಂದವಳೇ.”

“ಇದನ್ನ ಯಾರು ಹೇಳಿದ್ದು ಅಜ್ಜಿ?”

“ನಾನು. ಸಾಲ್ದಾ? ಮಾತು ಕೊಡು.”

ಕೊಟ್ಟೆ.

ಕೊಟ್ಟ ಮಾತು ಹಾಗೇ ಉಳಿಯಿತು. ಬಂದ ಹೊಸದರಲ್ಲಿ ಬ್ರೆಡ್ ಇರಲಿ, ಬಾಗಿಲು ತೆಗೆಯುವುದೇ ದೊಡ್ಡ ವಿದ್ಯೆಯಾಗಿತ್ತು. ನನ್ನ ನೀಲಿ ಬಾಗಿಲನ್ನು ಮೇಲಕ್ಕೆತ್ತಿ, ಮೊಣಕಾಲಿನಿಂದ ಒತ್ತಿ, ಕೀಲಿಯನ್ನು ಅರ್ಧ ತಿರುಗಿಸಿ ನಿಲ್ಲಿಸಿ, ಮನಸ್ಸಿನಲ್ಲಿ ಬೇಡಿಕೊಂಡು, ಆಮೇಲೆ ಉಳಿದರ್ಧ ತಿರುಗಿಸಬೇಕು. ಮಾಳಿಗೆಯ ಮೇಲಿನ ನೀರಿನ ಟ್ಯಾಂಕು ನಾನು ತಲೆಗೆ ಸೋಪು ಹಚ್ಚಿಕೊಳ್ಳುವುದನ್ನೇ ಕಾದು ಖಾಲಿಯಾಗುತ್ತಿತ್ತು. ಪಕ್ಕದ ಮಾಳಿಗೆಯಲ್ಲಿ ಒಂದು ನಾಯಿ ಇದೆ. ಅದು ಕೆಳಗೆ ಇಳಿದದ್ದನ್ನು ಯಾರೂ ನೋಡಿಲ್ಲ, ಅದು ಬೊಗಳದೆ ನಾನು ಓಣಿ ದಾಟಿದ್ದೂ ಇಲ್ಲ. ಇನ್ನು ಸದ್ದುಗಳು! ಈ ಊರಿನಲ್ಲಿ ಬೇಕಾದ್ದೆಲ್ಲ ಸದ್ದಾಗಿಯೇ ಬರುತ್ತದೆ. ಪೀಪಿ ಊದಿದರೆ ಚಾಕು ಮಸೆಯುವವನು. ಉಗಿಬಂಡಿಯಂತೆ ನೀಳವಾಗಿ ಸಿಳ್ಳೆ ಹೊಡೆದರೆ ಬೇಯಿಸಿದ ಗೆಣಸಿನ ಗಾಡಿ. ಮೊದಲ ವಾರ ಠಣಠಣ ಗಂಟೆ ಕೇಳಿದ ಕೂಡಲೇ ನಾನು ಖಾಲಿ ಗ್ಯಾಸ್ ಸಿಲಿಂಡರನ್ನು ತಬ್ಬಿಕೊಂಡು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಓಣಿಯಲ್ಲಿ ಕೆಳತನಕ ಓಡಿದೆ. ಅಲ್ಲಿ ಕಸದವನು ಗಂಟೆ ಆಡಿಸುತ್ತ ನಿಂತಿದ್ದ. ಸುತ್ತ ಹೆಂಗಸರು ಕಸದ ಚೀಲ ಹಿಡಿದು ಸಾಲುಗಟ್ಟಿದ್ದರು. ಎಲ್ಲರೂ ನನ್ನನ್ನೂ ಸಿಲಿಂಡರನ್ನೂ ನೋಡಿದರು.

“ಮಗಳೇ,” ಅಂದರು ಹಸಿರು ಏಪ್ರನ್ ಕಟ್ಟಿಕೊಂಡಿದ್ದ ದಪ್ಪನೆಯ ಹೆಂಗಸು, “ಅದನ್ನ ಕಸಕ್ಕೆ ಹಾಕ್ಬಿಟ್ರೆ ನಾಳೆ ಕಾಫಿ ಹೇಗೆ ಕಾಯಿಸ್ತೀಯ, ಬಿಸಿಲಲ್ಲಿ ಇಟ್ಟಾ?”

ಓಣಿಯೆಲ್ಲ ನಕ್ಕಿತು. ಕಸದವನೂ ಗಂಟೆ ನಿಲ್ಲಿಸಿ ನಕ್ಕ. ನಾನೂ ನಕ್ಕೆ, ಏನು ಹೇಳಿದರು ಅಂತ ಪೂರ್ತಿ ತಿಳಿಯದೆಯೇ. ಅವರೇ ದೋನ್ಯಾ ಕೂಕಾ; ‘ದೋನ್ಯಾ’, ‘ದೋನ್’ ಅಂದರೆ ಇಲ್ಲಿ ಅಮ್ಮನವರು, ಅಯ್ಯನವರು ಅಂದ ಹಾಗೆ. ಓಣಿಯ ತಿರುವಿನಾಚೆ, ಮೇಲ್ಗಡೆ, ಹಸಿರು ಬಾಗಿಲಿನ ಮನೆಯವರು. ಗಂಡ ದೋನ್ ಫೆರ್ಮಿನ್. ಊರಿನ ಹೊಟ್ಟೆಯೊಳಗಿನ ಸುರಂಗ ರಸ್ತೆಗಳಲ್ಲಿ ಬಸ್ ಓಡಿಸಿ ನಿವೃತ್ತರಾದವರು. ಈಗಲೂ ನಡೆಯುವಾಗ ತಿರುವು ಬಂದರೆ ಗಂಟಲಲ್ಲೇ ಒಂದು ಸಣ್ಣ ಹಾರ್ನ್ ಮಾಡುತ್ತಾರೆ.

ಅವತ್ತಿನಿಂದ ದೋನ್ಯಾ ಕೂಕಾ ನನ್ನನ್ನು ಕೈಹಿಡಿದು ಊರೊಳಗೆ ನಡೆಸಿದರು. ಯಾರ ಟೊಮೆಟೊ ಒಳ್ಳೆಯದು, ಯಾವ ಮೆಟ್ಟಿಲು ಮಳೆಯಲ್ಲಿ ಜಾರುತ್ತದೆ, ಎದುರಾದವರಿಗೆ ಶುಭೋದಯ ಹೇಳದೆ ದಾಟಿದರೆ ಎಷ್ಟು ದಿನ ಅವರ ಬಾಯಿಗೆ ಬೀಳಬೇಕಾಗುತ್ತದೆ. ಇಲ್ಲಿ ಆ ಒಂದು ಮಾತು ತೆರಿಗೆ ಇದ್ದ ಹಾಗೆ, ಎಲ್ಲರೂ ಕಟ್ಟಲೇಬೇಕು. ಸಂಜೆ ಗೆಣಸಿನ ಸಿಳ್ಳೆ ಕೇಳಿದರೆ ಅವರು ಮೇಲಿನಿಂದ “ತೊಮಾಸಿತಾ, ಇದು ಗೆಣಸು, ಗ್ಯಾಸಲ್ಲ!” ಅಂತ ಕೂಗುತ್ತಿದ್ದರು. ಆ ಕೂಗು ಕೇಳುವುದಕ್ಕೆಂದೇ ನಾನು ಆ ಹೊತ್ತಿಗೆ ಕಿಟಕಿ ತೆರೆದಿಡುತ್ತಿದ್ದೆ.

ಪ್ರತಿ ವಾರ ಅಜ್ಜಿಯ ಫೋನು. ನಮ್ಮ ದ್ವೀಪದ ಗಡಿಯಾರ ಹಟಮಾರಿ, ಜಗತ್ತಿನ ಉಳಿದವರ ಜೊತೆ ಅರ್ಧ ಗಂಟೆಯ ಜಗಳ ಇಟ್ಟುಕೊಂಡೇ ಇರುತ್ತದೆ. ಹಾಗಾಗಿ ಅವಳು ಯಾವಾಗಲೂ ನಾನು ಬಾಯಲ್ಲಿ ತುತ್ತು ಇಟ್ಟುಕೊಂಡಾಗಲೇ ಸಿಗುತ್ತಾಳೆ.

“ಬ್ರೆಡ್ ಆಯ್ತಾ?”

“ಇಲ್ಲ ಅಜ್ಜಿ. ಓವನ್‌ನಲ್ಲಿ ಬಾಣಲೆಗಳಿವೆ.”

“ಬಾಣಲೆ ಯಾಕಿವೆ?”

“ಇಲ್ಲಿ ಎಲ್ಲರ ಓವನ್‌ನಲ್ಲೂ ಬಾಣಲೆಗಳೇ ಇರೋದು. ಅದನ್ನ ಹಚ್ಚೋದನ್ನ ಯಾರೂ ನೋಡಿಲ್ಲ.”

“ಒಲೆ ಹಚ್ಚದ ಊರಲ್ಲಿ ಏನು ಮಾಡ್ತಿದ್ದೀಯ? ವಾಪಸ್ ಬಾ.”

“ಒಲೆ ಹಚ್ತಾರೆ ಅಜ್ಜಿ, ಓವನ್ ಮಾತ್ರ...”

“ವಾಪಸ್ ಬಾ ಇಲ್ಲ ಬ್ರೆಡ್ ಮಾಡು. ಎರಡರಲ್ಲಿ ಒಂದು.”

ತಮಾಷೆಗೇ ಅನ್ನುತ್ತಿದ್ದಳು. ಆದರೂ ಆ ಮಾತು ನನ್ನೊಳಗೆ ಮುಳ್ಳಿನಂತೆ ಉಳಿಯಿತು. ಯಾಕೆಂದರೆ ಅದೇ ದಿನಗಳಲ್ಲಿ ಶಾಲೆಯವರು, ಇನ್ನೊಂದು ವರ್ಷ ಇರ್ತೀರಾ ಅಂತ ಕೇಳಿದ್ದರು. ಇರಬೇಕು ಅನ್ನಿಸುತ್ತಿತ್ತು. ಆದರೆ ಇರು ಅಂತ ಈ ಊರು ಹೇಳಬೇಕಲ್ಲ? ಬ್ರೆಡ್ ಕತ್ತರಿಸುವ ಕೈಯೊಂದು ಸಿಕ್ಕಿದ ಮೇಲೆ ಹೇಳುತ್ತೇನೆ ಅಂತ ನನ್ನಷ್ಟಕ್ಕೆ ಅಂದುಕೊಂಡು, ಶಾಲೆಯವರಿಗೆ “ಯೋಚಿಸ್ತಿದ್ದೀನಿ” ಅಂದೆ.

ಹೀಗಿರುವಾಗ ಒಂದು ಗುರುವಾರ ದೋನ್ಯಾ ಕೂಕಾ, ಬಿಸಿ ತೊರ್ತಿಯಾ ರೊಟ್ಟಿಗಳ ಕಟ್ಟನ್ನು ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ಮೆಟ್ಟಿಲು ಹತ್ತುತ್ತ ನನ್ನ ಬಾಗಿಲ ಮುಂದೆ ನಿಂತರು.

“ಭಾನುವಾರ ಮೂರು ಗಂಟೆಗೆ ಊಟ, ಮಗಳೇ. ನಿನ್ನ ಮನೇಲಿ ಕಾಯ್ತೀವಿ, ನಾನು, ಫೆರ್ಮಿನ್ ಇಬ್ರೂ.”

ಇಲ್ಲಿನ ಭಾಷೆಯಲ್ಲಿ ಕಾಯುವುದಕ್ಕೂ ಆಸೆಪಡುವುದಕ್ಕೂ ಒಂದೇ ಪದ. ನನ್ನ ಮನೆಯಲ್ಲಿ ಇವರು ಕಾಯುವುದು ಹೇಗೆ ಅಂತ ಒಂದು ಕ್ಷಣ ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು: ಕಾಯುವುದಲ್ಲ, ಆಸೆ! ಭಾನುವಾರ ನಿನ್ನ ಮನೆಯಲ್ಲಿ ಊಟ ಮಾಡುವ ಆಸೆ ನಮಗೆ ಅನ್ನುತ್ತಿದ್ದಾರೆ. ಹೊಸದಾಗಿ ಬಂದವರು ಅಕ್ಕಪಕ್ಕದವರಿಗೆ ಊಟ ಹಾಕುವುದು ಇಲ್ಲಿಯ ಪದ್ಧತಿ ಇರಬೇಕು. ನಾಚಿಕೆಯಾಯಿತು, ನಾನೇ ಕರೆಯಬೇಕಿತ್ತಲ್ಲ ಅಂತ. ನಾಚಿಕೆಯ ಹಿಂದೆಯೇ ಖುಷಿ ಬಂತು.

“ಖಂಡಿತ ದೋನ್ಯಾ ಕೂಕಾ! ಬ್ರೆಡ್ ಮಾಡ್ತೀನಿ. ನನ್ನ ಅಜ್ಜಿಯ ಬ್ರೆಡ್.”

“ಮಾಡು ಮಾಡು. ತಿನ್ನೋಣ.”

ಭಾನುವಾರ ಓವನ್‌ನಿಂದ ಬಾಣಲೆಗಳನ್ನೆಲ್ಲ ಹೊರತೆಗೆದು ಹಾಸಿಗೆಯ ಮೇಲೆ ಹರಡಿದೆ. ಉದ್ದ ಕಡ್ಡಿ ಗೀರಿ, ಮುಖ ಆಚೆ ತಿರುಗಿಸಿ, ಕೈ ಒಳಗೆ ಚಾಚಿದೆ. ಭುಗ್ ಅಂತು. ಮುಂಗೈಯ ಕೂದಲು ಸುಟ್ಟ ವಾಸನೆ ಬಂತು, ಓವನ್ ಮಾತ್ರ ಹತ್ತಿತು. ಕಾಕಂಬಿ ಇಲ್ಲಿ ಸಿಗಲಿಲ್ಲ. ಆದರೆ ಸಂತೆಯಲ್ಲಿ ಶಂಕುವಿನ ಆಕಾರದ ಅಚ್ಚುಬೆಲ್ಲ ರಾಶಿರಾಶಿ ಇರುತ್ತದೆ. ಅದನ್ನೇ ಜಜ್ಜಿ ಕರಗಿಸಿ, ಒಣದ್ರಾಕ್ಷಿ ಸೇರಿಸಿ ಹಿಟ್ಟು ನಾದಿದೆ. ಇಷ್ಟು ಎತ್ತರದ ಊರಿನಲ್ಲಿ ಹಿಟ್ಟಿಗೂ ಪಿತ್ತ ನೆತ್ತಿಗೇರುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ನಾನು ಮೇಜು ಒರೆಸಿ ತಿರುಗುವಷ್ಟರಲ್ಲಿ ಅದು ಪಾತ್ರೆಯಿಂದ ಎದ್ದು, ಮುಚ್ಚಿದ ಬಟ್ಟೆಯನ್ನು ಟೋಪಿಯ ಹಾಗೆ ತಲೆಯ ಮೇಲೆ ಹೊತ್ತುಕೊಂಡು ನಿಂತಿತ್ತು. ಗುದ್ದಿ ಕೂರಿಸಿದೆ. ಮತ್ತೆ ಎದ್ದಿತು. ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದು ಓವನ್‌ಗೆ ಹೋದೆವು.

ಆ ವಾಸನೆ! ಬೆಲ್ಲ, ಬೆಣ್ಣೆ, ಕಂದುಗಟ್ಟುವ ಮೇಲ್ಪದರ. ಮನೆಯೊಳಗೆ ಅಜ್ಜಿಯೇ ಬಂದು ಕುರ್ಚಿ ಎಳೆದು ಕೂತ ಹಾಗಾಯಿತು. ನಾನು ಕೋಳಿ ಸೂಪ್ ಮಾಡಿಟ್ಟೆ, ಮೂರು ತಟ್ಟೆ ಜೋಡಿಸಿದೆ, ಬ್ರೆಡ್ಡನ್ನು ಹಲಗೆಯ ಮೇಲಿಟ್ಟು ಪಕ್ಕದಲ್ಲಿ ಚಾಕು ಇಟ್ಟೆ.

ಮೂರಾಯಿತು. ಇಲ್ಲಿ ಮೂರು ಅಂದರೆ ನಾಲ್ಕು, ಅದನ್ನು ಕಲಿತಿದ್ದೆ. ನಾಲ್ಕೂ ಆಯಿತು. ಅಷ್ಟರಲ್ಲಿ ಓಣಿಯ ಮೇಲಿನಿಂದ ಮೆಣಸಿನಕಾಯಿ ಹುರಿದ ಘಾಟು, ಎಳ್ಳು, ಚಾಕಲೇಟು ಸೇರಿದ ಮೋಲೆ ಸಾರಿನ ವಾಸನೆ ಇಳಿದು ಬಂದು ನನ್ನ ಕಿಟಕಿಯೊಳಗೆ ತಲೆ ಹಾಕಿತು. ಹಬ್ಬಕ್ಕೆ, ಮದುವೆಗೆ ಮಾಡುವ ಸಾರು ಅದು. ದೋನ್ಯಾ ಕೂಕಾ ಅವರ ಮನೆಯದೇ, ಅನುಮಾನವಿಲ್ಲ. ಹಾಗಾದರೆ ಅವರ ಮನೆಗೆ ಯಾರೋ ದೊಡ್ಡ ನೆಂಟರು ಬಂದಿದ್ದಾರೆ. ನನ್ನ ಊಟ ಮರೆತೇಹೋಗಿದೆ.

ಹೋಗಿ ಬಾಗಿಲು ತಟ್ಟಬಹುದಿತ್ತು. ನೆಂಟರ ಮುಂದೆ ಅವರನ್ನು ಪೇಚಿಗೆ ಸಿಕ್ಕಿಸುವುದು ಬೇಡ ಅನ್ನಿಸಿತು. ನಿಜ ಹೇಳಬೇಕೆಂದರೆ, ಕಣ್ಣು ತುಂಬಿಕೊಂಡು ಯಾರ ಬಾಗಿಲನ್ನೂ ತಟ್ಟುವುದಕ್ಕೆ ಆಗುವುದಿಲ್ಲ. ಸೂಪ್ ಕುಡಿದು, ಬಾಣಲೆಗಳನ್ನು ಹಾಸಿಗೆಯಿಂದೆತ್ತಿ ಮತ್ತೆ ಓವನ್‌ಗೆ ಸೇರಿಸಿದೆ. ಬ್ರೆಡ್ಡನ್ನು ಮುಟ್ಟಲಿಲ್ಲ.

ಮಾರನೆಯ ಬೆಳಿಗ್ಗೆ ದೋನ್ಯಾ ಕೂಕಾ ಎದುರಾದರು. ನಾನು ಶುಭೋದಯ ಅಂದೆ. ಅವರು ಶುಭೋದಯವನ್ನು ಗೋಡೆಗೆ ಹೇಳಿದರು. ಮಗಳೇ ಇಲ್ಲ, ತೊಮಾಸಿತಾ ಇಲ್ಲ. ಸಂಜೆ ಗೆಣಸಿನ ಗಾಡಿ ಸಿಳ್ಳೆ ಹಾಕಿತು. ಕಿಟಕಿ ತೆರೆದು ಕಾದೆ. ಮೇಲಿನಿಂದ ಕೂಗು ಬರಲಿಲ್ಲ. ಮಾಳಿಗೆಯ ನಾಯಿ ಒಂದೇ ನನ್ನನ್ನು ಬೈಯುತ್ತಿತ್ತು. ಆ ಹೊತ್ತಿಗೆ ಅದೂ ಒಂದು ಮಾತಾಡಿಸುವಿಕೆಯೇ ಅನ್ನಿಸಿತು.

ಕಲ್ಲಾದ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ, ನನ್ನ ಮಾಳಿಗೆಗೆ ಹತ್ತಿ, ಇಡಿಯಾಗಿ ಅದಕ್ಕೇ ಎಸೆದೆ.

“ಯಾರ ಕೈ ಕತ್ತರಿಸ್ತು?” ಅಜ್ಜಿ ಫೋನಿನಲ್ಲಿ ಕೇಳಿದಳು.

“ಯಾರೂ ಬರ್ಲಿಲ್ಲ ಅಜ್ಜಿ. ನಾಯಿ ತಿಂತು.”

“ನಾಯಿ ಆ ಊರಿನದೇನಾ?”

“ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ.”

ಅಜ್ಜಿ ನಿಜವಾಗಿಯೂ ಯೋಚಿಸಿದಳು. “ಊಹೂಂ. ಕೈ ಇಲ್ಲ. ಲೆಕ್ಕಕ್ಕೆ ಬರಲ್ಲ.” ಆಮೇಲೆ ಮೆತ್ತಗೆ, “ನೀನು ಕರೆದದ್ದೇ ಸರಿ ಇಲ್ಲವೇನೋ, ಬಾತುಮರಿ.”

“ನಾನು ಕರೀಲೇ ಇಲ್ಲ. ಅವರೇ ಬರ್ತೀವಿ ಅಂದ್ರು.”

“ಊಟಕ್ಕೆ ತಾವೇ ಬರ್ತೀವಿ ಅಂತ ಯಾರಾದ್ರೂ ಅಂತಾರಾ? ಸರಿಯಾಗಿ ಕೇಳಿಸಿಕೊಂಡ್ಯಾ?”

ಸರಿಯಾಗಿಯೇ ಕೇಳಿಸಿಕೊಂಡಿದ್ದೆ ಅಂತ ಸಿಟ್ಟಿನಲ್ಲಿ ಅಂದೆ. ಅಜ್ಜಿ ನನ್ನ ಸಿಟ್ಟನ್ನು ಎಂದಿನಂತೆ ಕೇಳಿಸಿಕೊಳ್ಳಲೇ ಇಲ್ಲ. ಈ ಸಲ “ವಾಪಸ್ ಬಾ” ಅಂತಲೂ ಅನ್ನಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಶಾಲೆಯವರು ಬರುವ ಸೋಮವಾರದೊಳಗೆ ಉತ್ತರ ಹೇಳಿ ಅಂದಿದ್ದರು. ಇಲ್ಲ ಅನ್ನುವುದಕ್ಕೆ ಮನಸ್ಸು ನಿಧಾನವಾಗಿ ತಯಾರಾಗುತ್ತಿತ್ತು. ಕೋಟನ್ನು ತೆಗೆದು ನೋಡಿದೆ. ಜೇಬಿನಲ್ಲಿ ದಾರಿಯ ಬ್ರೆಡ್ ತುಂಡು ಇನ್ನೂ ಇತ್ತು, ಮರದ ಚೂರಿನ ಹಾಗೆ.

ಬುಧವಾರ ನನ್ನ ಗ್ಯಾಸ್ ಮುಗಿಯಿತು. “ಗ್ಯಾಆಆಸ್!” ಅನ್ನುವ ಕೂಗಿಗೆ ಕಿವಿ ಕೊಟ್ಟು ಬಾಗಿಲಲ್ಲಿ ನಿಂತಿದ್ದೆ. ಈಗ ತಪ್ಪುವುದಿಲ್ಲ, ಆ ಕೂಗು ನಿದ್ದೆಯಲ್ಲೂ ಗುರುತು ಸಿಗುತ್ತದೆ. ಗ್ಯಾಸಿನವನು ಭುಜದ ಮೇಲೆ ಸಿಲಿಂಡರ್ ಹೊತ್ತು ಕೆಳಗಿನ ಮೆಟ್ಟಿಲುಗಳಲ್ಲಿ ಕಾಣಿಸಿಕೊಂಡ. ಹೊಸಬ, ನಾನು ಅವನನ್ನು ನೋಡಿರಲಿಲ್ಲ. ನಾನು ಕೈ ಎತ್ತುವ ಮೊದಲೇ ಮೇಲಿನಿಂದ ದೋನ್ಯಾ ಕೂಕಾ ಅವರ ದನಿ ಬಂತು.

“ತಮ್ಮಾ, ಇಲ್ಲಿ! ಒಂದು ಸಿಲಿಂಡರ್ ನಿನ್ನ ಮನೆಗೆ ತಂದುಬಿಡು!”

“ಎಲ್ಲಿ ತಾಯಿ?”

“ತಿರುವು ದಾಟು. ಹಸಿರು ಬಾಗಿಲು. ಅದೇ ನಿನ್ನ ಮನೆ.”

“ಬಂದೆ ತಾಯಿ.”

ಅವನು ನನ್ನ ಮುಂದೆಯೇ ಹಾದು ಹೋದ. ತನ್ನ ಮನೆಗೆ ಹೋಗಲಿಲ್ಲ. ಗೊಂದಲಪಡಲಿಲ್ಲ, ನಿಂತು ಯೋಚಿಸಲಿಲ್ಲ. ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ, ತಿರುವು ದಾಟಿ, ಸೀದಾ ದೋನ್ಯಾ ಕೂಕಾ ಅವರ ಹಸಿರು ಬಾಗಿಲ ಮುಂದೆ ಸಿಲಿಂಡರ್ ಇಳಿಸಿದ. ಠಣ್ ಅಂತ ಸದ್ದು ಬಂತು. ಆ ಸದ್ದು ನನ್ನ ತಲೆಯೊಳಗೇ ಆದ ಹಾಗಿತ್ತು.

ನಿನ್ನ ಮನೆ. ಅಂದರೆ ನನ್ನ ಮನೆ. ನನ್ನದು ಅನ್ನುವುದು ಒರಟು ಅಂತ, ಅದನ್ನು ಎದುರಿನವರ ಕೈಗಿಟ್ಟು ಮಾತಾಡುತ್ತಾರೆ. ಎಷ್ಟು ಸಲ ಕೇಳಿದ್ದೆ! ಅಂಗಡಿಯಲ್ಲಿ, ಬಸ್ಸಿನಲ್ಲಿ, ನನ್ನದೇ ತರಗತಿಯಲ್ಲಿ. ಬರೀ ಮರ್ಯಾದೆಯ ಮಾತು ಅಂತ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದೆ. ಮರ್ಯಾದೆಯ ಮಾತಿನಲ್ಲಿ ಒಂದು ವಿಳಾಸವೂ ಇರಬಹುದು ಅಂತ ಹೊಳೆದಿರಲಿಲ್ಲ. ಮೋಲೆ ಸಾರು ಯಾವ ನೆಂಟರಿಗೂ ಅಲ್ಲ. ಹಬ್ಬದ ಸಾರನ್ನು ನನಗಾಗಿ ಮಾಡಿ, ಇಬ್ಬರೂ ಅಲ್ಲಿ ಕೂತು ಕಾದಿದ್ದರು. ಕಾಯುವುದು ಅಂದರೆ ಕಾಯುವುದೇ!

ನಾನು ಚಪ್ಪಲಿ ಅದಲುಬದಲು ಹಾಕಿಕೊಂಡು ಓಡಿದೆ. ನಾಯಿ ಹಿಂದೆಯೇ ಮಾಳಿಗೆಯಿಂದ ಮಾಳಿಗೆಗೆ ಬೊಗಳುತ್ತ ಬಂತು. ದೋನ್ಯಾ ಕೂಕಾ ಬಾಗಿಲಲ್ಲೇ ಇದ್ದರು. ನನ್ನನ್ನು ಕಂಡು ಏಪ್ರನ್‌ಗೆ ಕೈ ಒರೆಸಿಕೊಂಡು ಗೋಡೆ ನೋಡತೊಡಗಿದರು.

“ದೋನ್ಯಾ ಕೂಕಾ, ಭಾನುವಾರ ನೀವು ಎಲ್ಲಿ ಕಾಯ್ತಿದ್ರಿ?”

“ಎಲ್ಲಿ ಅಂದ್ರೆ? ನಿನ್ನ ಮನೇಲಿ.”

“ಯಾವ ಬಣ್ಣದ ಬಾಗಿಲಿನ ಮನೇಲಿ?”

“ಇದೇನು ಹುಡುಗಿ ಕೇಳೋದು? ಹಸಿರು. ನೀನು ಈಗ ನಿಂತಿದ್ದೀಯಲ್ಲ...” ಮುಖ ಗೋಡೆಯಿಂದ ನನ್ನ ಕಡೆ ತಿರುಗಿತು.

“ನನ್ನ ಮನೆ ಬಾಗಿಲು ನೀಲಿ,” ಅಂದೆ. “ನಾನು ಅಲ್ಲಿ ಕಾಯ್ತಿದ್ದೆ. ಮೂರು ತಟ್ಟೆ ಇಟ್ಕೊಂಡು.”

ದೋನ್ಯಾ ಕೂಕಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. “ಅಯ್ಯೋ ದೇವರೇ. ಬ್ರೆಡ್ ವಾಸನೆ ಬಂತು! ಇಗೋ ಬಂದ್ಲು, ಇಗೋ ಬಂದ್ಲು ಅಂತ ಫೆರ್ಮಿನ್‌ಗೆ ಹೇಳ್ತಾನೇ ಇದ್ದೆ. ಬರ್ಲಿಲ್ಲ. ಇನ್ಯಾರನ್ನೋ ಕರೆದಿದ್ದಾಳೆ, ತನ್ನ ಕಡೆಯ ಬಿಳೀ ಜನರನ್ನ, ನಮ್ಮ ಮುದುಕರ ಊಟ ಅವಳಿಗೆ ಯಾಕೆ ಅಂದ್ಕೊಂಡೆ.”

“ನಿಮ್ಮ ಸಾರಿನ ವಾಸನೆ ನನಗೂ ಬಂತು. ದೊಡ್ಡ ನೆಂಟರು ಬಂದಿದ್ದಾರೆ ಅಂದ್ಕೊಂಡೆ.”

“ಆ ದೊಡ್ಡ ನೆಂಟರು ನೀನೇ ಕಣೇ, ಮಂಕೇ!”

ಒಳಗಿನಿಂದ ದೋನ್ ಫೆರ್ಮಿನ್ ಕೂಗಿದರು: “ನಾನು ಅವತ್ತೇ ಹೇಳ್ದೆ, ಕೂಕಾ! ಚಳಿ ದೇಶದವಳು, ಅಲ್ಲಿ ಒಬ್ಬೊಬ್ರಿಗೆ ಒಂದೊಂದೇ ಮನೆ ಅಂತ!”

“ಏನೂ ಹೇಳ್ಲಿಲ್ಲ ನೀನು. ಅವಳ ಪಾಲಿನ ಕೋಳಿ ಕಾಲು ತಿಂದೆ, ಅಷ್ಟೇ.”

“ತಣ್ಣಗಾಗ್ತಿತ್ತಲ್ಲ...”

ಆಮೇಲೆ ಮೂವರಿಗೂ ನಗು ಬಂತು, ನಿಲ್ಲಲಿಲ್ಲ. ಗ್ಯಾಸಿನವನು ಏನೂ ತಿಳಿಯದೆ, ಖಾಲಿ ಸಿಲಿಂಡರ್ ಹೆಗಲಿಗೇರಿಸಿಕೊಂಡು ನಮ್ಮ ಜೊತೆ ತಾನೂ ಒಂದಿಷ್ಟು ನಕ್ಕು ಹೋದ. ನನ್ನ ಗ್ಯಾಸಿನ ವಿಷಯ ಅವನಿಗೆ ಹೇಳುವುದನ್ನೇ ಮರೆತಿದ್ದೆ. ಅವತ್ತು ರಾತ್ರಿಯ ಊಟ ಹಸಿರು ಬಾಗಿಲಿನಲ್ಲೇ ಆಯಿತು. ಸಿಟ್ಟಿನಲ್ಲೂ ನನ್ನ ಪಾಲಿನ ಸಾರನ್ನು ಫ್ರೀಜರಿನಲ್ಲಿ ಎತ್ತಿಟ್ಟಿದ್ದರು. ಯಾಕೆ ಅಂತ ಕೇಳಿದೆ. “ಸಿಟ್ಟು ನಿನ್ನ ಮೇಲೆ, ಸಾರು ಏನು ಮಾಡಿತ್ತು?” ಅಂದರು ದೋನ್ಯಾ ಕೂಕಾ.

ಹೊರಡುವಾಗ ಬಾಗಿಲಲ್ಲಿ ನಿಂತು, ಪದಗಳನ್ನು ಒಂದೊಂದೇ ಎಣಿಸಿದ ಹಾಗೆ ಹೇಳಿದೆ: “ಭಾನುವಾರ ಮೂರು ಗಂಟೆಗೆ ಊಟ. ನಿಮ್ಮ ಮನೇಲಿ ಕಾಯ್ತೀನಿ.”

ದೋನ್ ಫೆರ್ಮಿನ್ ಗಂಭೀರವಾಗಿ ತಲೆಯಾಡಿಸಿದರು. “ನಮ್ಮ ಮನೆ ಅಂದ್ರೆ ಯಾವುದು, ನೀಲಿ ಬಾಗಿಲಿನದೇ ತಾನೇ? ಈಗ್ಲೇ ಕೇಳಿಟ್ಕೊಳ್ಳೋದು ಒಳ್ಳೇದಪ್ಪ.”

ನನ್ನ ಮನೆಗೆ ಗ್ಯಾಸ್ ಬಂತು, ಭಾನುವಾರವೂ ಬಂತು. ಬಾಣಲೆಗಳು ಹಾಸಿಗೆಗೆ ಹೋದವು. ಈ ಸಲ ಹಿಟ್ಟಿನ ಪಿತ್ತ ನನಗೆ ಗೊತ್ತಿತ್ತು, ಅದು ಏಳುವ ಮೊದಲೇ ಗದರಿಸಿ ಕೂರಿಸಿದೆ. ಮೇಲ್ಪದರ ಒಂದು ಪಕ್ಕದಲ್ಲಿ ತುಸು ಬಿರಿಯಿತು. ಇರಲಿ, ಅಜ್ಜಿಯದೂ ಬಿರಿಯುತ್ತದೆ. ಫೋನನ್ನು ಬೆಲ್ಲದ ಡಬ್ಬಿಗೆ ಒರಗಿಸಿ ನಿಲ್ಲಿಸಿದೆ. ಅದರೊಳಗೆ ಅಜ್ಜಿ ಹಬ್ಬದ ದಿನದ ಸ್ವೆಟರ್ ಹಾಕಿಕೊಂಡು, ಕ್ಯಾಮೆರಾಕ್ಕೆ ತೀರಾ ಹತ್ತಿರ ಮೂಗು ತಂದು ಕೂತಿದ್ದಳು.

ನಾಲ್ಕಕ್ಕೆ, ಅಂದರೆ ಸರಿಯಾದ ಹೊತ್ತಿಗೆ, ತಿರುವಿನಲ್ಲಿ ಗಂಟಲಿನ ಸಣ್ಣ ಹಾರ್ನ್ ಕೇಳಿಸಿತು. ಬಾಗಿಲನ್ನು ಮೇಲಕ್ಕೆತ್ತಿ ಮೊಣಕಾಲಿನಿಂದ ಒತ್ತಿ ತೆಗೆದೆ. ದೋನ್ಯಾ ಕೂಕಾ ಏಪ್ರನ್ ಇಲ್ಲದೆ, ಕಿವಿಗೆ ಓಲೆ ಹಾಕಿಕೊಂಡು ಬಂದಿದ್ದರು. ದೋನ್ ಫೆರ್ಮಿನ್ ಕೈಯಲ್ಲಿ ಒಂದು ಕಟ್ಟು ಹೂವು, ಇನ್ನೊಂದು ಕೈಯಲ್ಲಿ ಬ್ರೆಡ್ ಕೈಕೊಟ್ಟರೆ ಇರಲಿ ಅಂತ ತಂದ ತೊರ್ತಿಯಾ ರೊಟ್ಟಿಗಳು.

“ಇವರು ನನ್ನ ಅಜ್ಜಿ,” ಅಂದೆ.

ದೋನ್ಯಾ ಕೂಕಾ ಫೋನಿಗೆ ಕೈಮುಗಿಯುವುದೋ ಮುತ್ತಿಡುವುದೋ ತಿಳಿಯದೆ ಎರಡೂ ಮಾಡಿದರು. “ನಿಮ್ಮ ಮೊಮ್ಮಗಳು ತುಂಬಾ ತೆಳ್ಳಗಿದ್ದಾಳೆ ತಾಯಿ. ನಾನು ನೋಡ್ಕೊಳ್ತೀನಿ.”

“ಏನಂದ್ರು?” ಅಂದಳು ಅಜ್ಜಿ.

“ಬ್ರೆಡ್ ಚೆನ್ನಾಗಿ ಕಾಣ್ತಿದೆ ಅಂದ್ರು.”

“ಸುಳ್ಳು. ನನಗೆ ಅವರ ಮಾತು ಬರಲ್ಲ, ಆದ್ರೆ ಕಣ್ಣು ಹೋಗಿಲ್ಲ. ಅವರು ನಿನ್ನ ತೋಳು ಹಿಂಡಿ ನೋಡಿದ್ರು. ಒಳ್ಳೇ ಹೆಂಗಸು.”

ಎಲ್ಲರೂ ಕೂತೆವು. ನಾನು ಚಾಕುವನ್ನು ಹಿಡಿಕೆ ಮುಂದೆ ಮಾಡಿ ದೋನ್ಯಾ ಕೂಕಾ ಅವರ ಕಡೆ ಚಾಚಿದೆ. “ನೀವೇ ಕತ್ತರಿಸ್ಬೇಕು.”

“ಅಯ್ಯೋ, ನಾನಾ?” ಕೈ ಹಿಂದಕ್ಕೆ ಹೋಯಿತು. “ಎಲ್ಲಾದ್ರೂ ಉಂಟಾ ಮಗಳೇ! ಮನೆಯವರು ಕತ್ತರಿಸ್ಬೇಕು, ಬಂದವರು ತಿನ್ಬೇಕು. ನೀನು ಕತ್ತರಿಸು.”

“ನೀವು ದೋನ್ಯಾ ಕೂಕಾ.”

“ಆಗಲ್ಲ ಅಂದ್ರೆ ಆಗಲ್ಲ. ಬೇರೆಯವರ ಮನೇಲಿ ಮೊದಲು ಚಾಕು ಹಿಡಿದ್ಲು ಅಂತ ಓಣಿಯೆಲ್ಲ ಆಡ್ಕೊಳ್ಳುತ್ತೆ.”

ದೋನ್ ಫೆರ್ಮಿನ್ ಬ್ರೆಡ್ಡನ್ನೇ ನೋಡುತ್ತ, “ನಾನು ಬೇಕಾದ್ರೆ...” ಅಂದರು. “ಸುಮ್ನಿರು,” ಅಂದರು ದೋನ್ಯಾ ಕೂಕಾ. ಬೆಲ್ಲದ ಡಬ್ಬಿಯ ಕಡೆಯಿಂದ ಅಜ್ಜಿಯ ದನಿ: “ಏನಾಗ್ತಿದೆ? ಕತ್ತರಿಸಿದ್ರಾ? ಯಾಕೆ ಕತ್ತರಿಸ್ತಿಲ್ಲ?”

ಬ್ರೆಡ್ ಹಲಗೆಯ ಮೇಲೆ ಬಿಸಿಯಾಗಿ ಕಾಯುತ್ತಿತ್ತು. ಅಥವಾ ಆಸೆಪಡುತ್ತಿತ್ತು. ಮರ್ಯಾದೆಗೆ ಹೆಸರಾದ ಈ ಊರಿನಲ್ಲಿ ಒಬ್ಬ ಹೆಂಗಸಿನ ಮರ್ಯಾದೆಯನ್ನು ದಾಟುವುದು ಹೇಗೆ? ಆಗ ನನಗೆ ಆ ಮಾತು ತಾನಾಗಿಯೇ ಬಾಯಿಗೆ ಬಂತು, ಹುಡುಕಬೇಕಾಗಲಿಲ್ಲ.

“ಮನೆಯವರೇ ಕತ್ತರಿಸ್ಬೇಕು, ನಿಜ,” ಅಂದೆ. “ಆದ್ರೆ ದೋನ್ಯಾ ಕೂಕಾ, ಇದು ನಿಮ್ಮ ಮನೆ.”

ಅವರು ಅಲ್ಲ ಅನ್ನುವಂತಿಲ್ಲ. ಹುಟ್ಟಿದಂದಿನಿಂದ ಆಡಿಕೊಂಡು ಬಂದ ಮಾತನ್ನು ಅಲ್ಲ ಅನ್ನುವುದು ಹೇಗೆ? ದೋನ್ ಫೆರ್ಮಿನ್ ತೊಡೆ ತಟ್ಟಿಕೊಂಡು ನಕ್ಕರು. “ಸಿಕ್ಕ್ಹಾಕ್ಕೊಂಡೆ ಕೂಕಾ! ಈ ತೊಮಾಸಿತಾ ಈಗ ನಮ್ಮೋಣಿಯವಳಾಗ್ಬಿಟ್ಳು!”

ದೋನ್ಯಾ ಕೂಕಾ ನನ್ನನ್ನು ಒಂದು ಸಲ ನೋಡಿದರು, ಫೋನಿನೊಳಗಿನ ಅಜ್ಜಿಯನ್ನು ಒಂದು ಸಲ ನೋಡಿದರು. ತೋಳು ಮೇಲಕ್ಕೆ ಸರಿಸಿಕೊಂಡು ಚಾಕು ತೆಗೆದುಕೊಂಡರು. ಬಿರಿದ ಪಕ್ಕದಿಂದ ಶುರು ಮಾಡಿದರು. ಮೇಲ್ಪದರ ಕರಕ್ ಅಂತು, ಒಳಗಿನಿಂದ ಬೆಲ್ಲದ ಉಗಿ ಎದ್ದಿತು, ಚಾಕು ನಿಧಾನವಾಗಿ ಹಲಗೆಯನ್ನು ಮುಟ್ಟಿತು.